ಸೇತುವೆ ಗಟ್ಟಿಯಾಗಿದೆ, ಸುಳ್ಳು ಹೇಳಿದವನು ನಾನು

ಹೊಳೆಯ ಮೇಲಿನ ಹಳೇ ಸೇತುವೆಯನ್ನು ಮುಚ್ಚಿಸಿದ ಮಾನ್ಯ ಕಾರ್ಯಪಾಲಕ ಎಂಜಿನಿಯರ್ ಸಾಹೇಬರೇ,

ನೀವು ನಮ್ಮ ಕಲ್ಲು ಸೇತುವೆಯನ್ನು ‘ಅತ್ಯಂತ ದುರ್ಬಲ’ ಎಂದು ಘೋಷಿಸಿ, ಎರಡೂ ತುದಿಗೆ ಕಾಂಕ್ರೀಟ್ ದಿಮ್ಮಿ ಇಳಿಸಿ ಇವತ್ತಿಗೆ ಎಪ್ಪತ್ತೊಂದು ದಿನ. ಮುಂದಿನ ತಿಂಗಳು ಅದನ್ನು ಒಡೆದು ಹಾಕುವುದಾಗಿ ಕಂಬಕ್ಕೆ ಆದೇಶ ಅಂಟಿಸಿದ್ದೀರಿ. ಅದರ ಎರಡನೇ ಪ್ಯಾರಾದಲ್ಲಿ, ‘ಸ್ಥಳೀಯ ನಿವಾಸಿಯೊಬ್ಬರು ಏಳು ವರ್ಷಗಳಿಂದ ಸತತವಾಗಿ ದೂರಿರುವಂತೆ, ಸೇತುವೆಯ ಕಲ್ಲುಗಳು ತಾವಾಗಿಯೇ ಕಳಚಿ ಬೀಳುತ್ತಿದ್ದು ಸಾರ್ವಜನಿಕರ ಪ್ರಾಣಕ್ಕೆ ಅಪಾಯವಿದೆ’ ಎಂದಿದೆ. ಆ ಸ್ಥಳೀಯ ನಿವಾಸಿ ನಾನೇ. ಕಲ್ಲುಗಳು ತಾವಾಗಿ ಬೀಳಲಿಲ್ಲ. ಬಿದ್ದದ್ದು ಒಂದೇ ಕಲ್ಲು, ಬೀಳಿಸಿದವನೂ ನಾನೇ. ಇದನ್ನು ಹೇಳಲು ನಿಮ್ಮ ಕಚೇರಿಗೆ ನಾಲ್ಕು ಸಲ ಬಂದೆ. ಸುಳ್ಳು ಹೇಳಿದಾಗ ಅಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡ ಕಚೇರಿಗೆ ನಿಜ ಹೇಳುವ ಹೊತ್ತಿಗೆ ಕಿವಿ ಮಂದವಾಗಿದೆ. ಆದ್ದರಿಂದ ಎಲ್ಲರಿಗೂ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಮರಗೆಲಸದವನು. ಹೊಳೆಯ ಈಚೆ ದಡದಲ್ಲಿ ನನ್ನ ಕಾರ್ಖಾನೆ ಇದೆ. ಕಾರ್ಖಾನೆ ಎಂದರೆ ತಗಡಿನ ಮಾಡು, ಎರಡು ಮೇಜು, ಒಂದು ಗರಗಸದ ಯಂತ್ರ ಮತ್ತು ಮಂಡಿಯವರೆಗೆ ಹೊಟ್ಟು. ಗಿರಾಕಿಗಳೆಲ್ಲ ಆಚೆ ದಡದ ಪಟ್ಟಣದವರು. ಏಳು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಪಟ್ಟಣದ ಹಲ್ಲಿನ ಡಾಕ್ಟರಮ್ಮನವರಿಗೆ ಮೂರು ಬಾಗಿಲಿನ ಕನ್ನಡಿ ಬೀರುವೊಂದನ್ನು ನನ್ನ ನೀಲಿ ವ್ಯಾನಿನಲ್ಲಿ ಸಾಗಿಸುತ್ತಿದ್ದೆ. ಎಡಗೈ ಸ್ಟಿಯರಿಂಗಿನ ಮೇಲೆ, ಬಲಗೈಯಲ್ಲಿ ಬನ್ನು. ಸೇತುವೆಗೆ ತಿರುಗುವಾಗ ಗಮನವೆಲ್ಲ ಬನ್ನಿನ ಮೇಲಿತ್ತು. ವ್ಯಾನಿನ ಮೂತಿ ತಡೆಗೋಡೆಗೆ ಬಡಿಯಿತು. ಗೋಡೆಯ ಮೇಲಿನ ಹಾಸುಗಲ್ಲೊಂದು, ನೂರು ವರ್ಷ ಅಲುಗಾಡದೆ ಕೂತಿದ್ದದ್ದು, ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ವಾಲಿ ನೀರಿಗೆ ಬಿತ್ತು. ಹಿಂದೆ ಬೀರುವಿನ ಕನ್ನಡಿ ಬಿರುಕು ಬಿಟ್ಟ ಸದ್ದೂ ಕೇಳಿಸಿತು.

ಡಾಕ್ಟರಮ್ಮ ಬಿರುಕನ್ನು ನೋಡಿ ಇದು ಹೇಗಾಯಿತೆಂದು ಕೇಳಿದರು. ಬನ್ನಿನ ವಿಷಯ ಹೇಳಲು ನಾಚಿಕೆಯಾಯಿತು. ಸೇತುವೆಯ ಕಲ್ಲೊಂದು ತಾನಾಗಿ ಕಳಚಿ ವ್ಯಾನಿನ ಮುಂದೆಯೇ ಬಿತ್ತು, ಬ್ರೇಕ್ ಹಾಕಿದ ರಭಸಕ್ಕೆ ಹೀಗಾಯಿತು ಎಂದುಬಿಟ್ಟೆ. ಮಾತು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಆದರೆ ಆಕೆ ಜವಾಬ್ದಾರಿಯುತ ನಾಗರಿಕರು. ಇಂಥದ್ದನ್ನು ಸುಮ್ಮನೆ ಬಿಡಬಾರದು ಎಂದು ಔಷಧಿ ಚೀಟಿಯ ಹಾಳೆಯನ್ನೇ ಹರಿದು ಕೊಟ್ಟು, ಅಲ್ಲೇ ಕೂರಿಸಿ ನಿಮ್ಮ ಕಚೇರಿಗೆ ಅರ್ಜಿ ಬರೆಸಿದರು. ನನ್ನ ಮೊದಲ ಅರ್ಜಿಯ ತಲೆಭಾಗದಲ್ಲಿ ಒಂದು ದವಡೆ ಹಲ್ಲಿನ ಚಿತ್ರವಿರುವುದು ಈ ಕಾರಣಕ್ಕೆ. ನಿಮ್ಮ ಕಡತದಲ್ಲಿ ನೋಡಬಹುದು.

ಉಳಿದ ಆರು ಅರ್ಜಿಗಳೂ ಹೀಗೇ ಹುಟ್ಟಿದವು. ವರ್ಷಕ್ಕೊಮ್ಮೆ ಹಲ್ಲು ತೋರಿಸಲು ಹೋದಾಗಲೆಲ್ಲ ಅವರು ನನ್ನ ಬಾಯೊಳಗೆ ಕನ್ನಡಿ ಇಟ್ಟು, ಸೇತುವೆಯ ಅರ್ಜಿ ಏನಾಯಿತೆಂದು ವಿಚಾರಿಸುತ್ತಿದ್ದರು. ಬಾಯಿ ತೆರೆದುಕೊಂಡು ಮಲಗಿದವನು ಏನು ವಾದಿಸಿಯಾನು? ಮನೆಗೆ ಬಂದು ಇನ್ನೊಂದು ಬರೆಯುತ್ತಿದ್ದೆ. ಮರೆಸೋಣವೆಂದರೆ ಮರೆಯುವವರಲ್ಲ ಅವರು, ಓದುವವರಲ್ಲ ನೀವು ಎಂಬ ಧೈರ್ಯದಲ್ಲಿ ಪ್ರತಿ ವರ್ಷ ಒಂದಿಷ್ಟು ಕಲ್ಲುಗಳನ್ನು ಸೇರಿಸುತ್ತ ಹೋದೆ. ಮೊದಲನೆಯದರಲ್ಲಿ ಒಂದು, ಮೂರನೆಯದರಲ್ಲಿ ನಾಲ್ಕು, ಆರನೆಯದರಲ್ಲಿ ‘ಲೆಕ್ಕವಿಲ್ಲದಷ್ಟು’. ನನ್ನ ಅರ್ಜಿಗಳ ಪ್ರಕಾರ ಸೇತುವೆ ಈ ಹೊತ್ತಿಗೆ ಪೂರ್ತಿ ನೀರಿನಲ್ಲಿರಬೇಕಿತ್ತು. ನಿಮ್ಮ ಕಚೇರಿಯಲ್ಲಿ ಯಾರಾದರೂ ಒಂದು ಸಲ ಹೊಳೆಯತ್ತ ತಲೆ ತಿರುಗಿಸಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಆದರೆ ಸಾಹೇಬರೇ, ಆರು ವರ್ಷ ಒಂದು ಪೋಸ್ಟ್‌ಕಾರ್ಡಿನಷ್ಟೂ ಉತ್ತರ ಬರಲಿಲ್ಲ. ನಿಮ್ಮ ಉದಾಸೀನದ ಮೇಲೆ ನಾನು ಇಟ್ಟಿದ್ದ ನಂಬಿಕೆಯನ್ನು ಏಳನೇ ವರ್ಷದಲ್ಲಿ ಹೀಗೆ ಮುರಿಯಬಹುದೇ?

ಏಳನೇ ಅರ್ಜಿ ತಲುಪಿದ ಮೂರೇ ವಾರಕ್ಕೆ ನಿಮ್ಮ ಕಿರಿಯ ಎಂಜಿನಿಯರ್ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬೂಟು ಬಿಚ್ಚಿಟ್ಟು ನೀರಿಗಿಳಿದರು. ಏಳೂ ಕಮಾನುಗಳ ಕೆಳಗೆ ಹೋಗಿ ಸುತ್ತಿಗೆಯಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಅಳತೆ ಬರೆದುಕೊಂಡರು. ಮೂರು ತಾಸು ಅಲ್ಲೇ ಇದ್ದು ನೋಡಿದವರು ನಾನು, ಮೀನು ಹಿಡಿಯುವ ಇಬ್ಬರು ಮತ್ತು ನನ್ನ ಭಾವ. ಮೇಲೆ ಬಂದ ಮೇಲೆ ಅರ್ಜಿ ಬರೆದವರು ಯಾರೆಂದು ಕೇಳಿದರು. ನಾನು ಮೀನು ಹಿಡಿಯುವವರನ್ನು ನೋಡಿದೆ.

“ಯಾರೋ ಏನೋ, ಕಲ್ಲು ಬೀಳ್ತಿದೆ ಅಂತ ಬರ್ದಿದಾರೆ. ಒಂದು ಕಲ್ಲು ಬಿಟ್ರೆ ಎಲ್ಲಾ ಇದ್ದಲ್ಲೇ ಇದೆ. ಸಂದಿಯಲ್ಲಿ ಬೆಳೆದಿರೋ ಗಿಡ ಕಿತ್ತು, ಸುಣ್ಣದ ಗಾರೆ ತುಂಬಿದ್ರೆ ಸಾಕು. ನಮ್ಮ ಮೊಮ್ಮಕ್ಕಳೂ ಓಡಾಡಬಹುದು,” ಎಂದರು.

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಖುಷಿಗೆ ಅವರ ಒದ್ದೆ ಬಟ್ಟೆ ಒಣಗಿಸಲು ಕಾರ್ಖಾನೆಯ ಹೊಟ್ಟು ಸುಟ್ಟು ಬೆಂಕಿ ಮಾಡಿಕೊಟ್ಟೆ. ಎರಡು ತಿಂಗಳಿಗೆ ಆದೇಶ ಬಂತು. ಅದರ ಜೊತೆಗಿದ್ದ ತಾಂತ್ರಿಕ ವರದಿಯಲ್ಲಿ ಆ ಹೆಣ್ಣುಮಗಳ ಒಂದು ವಾಕ್ಯವೂ ಇರಲಿಲ್ಲ. ‘ಸೇತುವೆಯ ಕಬ್ಬಿಣದ ತೊಲೆಗಳು ತೀವ್ರ ತುಕ್ಕು ಹಿಡಿದಿವೆ’ ಎಂದು ಬರೆದಿತ್ತು. ಸಾಹೇಬರೇ, ಈ ಸೇತುವೆಯಲ್ಲಿ ಕಲ್ಲಿದೆ, ಸುಣ್ಣವಿದೆ, ಪಾರಿವಾಳಗಳಿವೆ. ಕಬ್ಬಿಣ ಎಂಬುದು ಒಂದು ಮೊಳೆಯಷ್ಟೂ ಇಲ್ಲ. ಇಲ್ಲದ ತೊಲೆಗೆ ತುಕ್ಕು ಹಿಡಿಸುವ ವಿದ್ಯೆ ನನಗೂ ಗೊತ್ತಿರಲಿಲ್ಲ. ಸುಳ್ಳಿನಲ್ಲಿ ನಾನು ನಿಮ್ಮ ಕಚೇರಿಗಿಂತ ಎರಡು ತರಗತಿ ಕೆಳಗಿದ್ದೇನೆಂದು ಆವತ್ತು ತಿಳಿಯಿತು.

ಈಗ ನನ್ನ ಭಾವನ ಮಾತಿಗೆ ಬರುತ್ತೇನೆ. ಅಕ್ಕನ ಗಂಡ. ಮೂವತ್ತೊಂದು ವರ್ಷ ಇದೇ ದಾರಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಈಗ ಅವರ ಮೂತ್ರಪಿಂಡಗಳೆರಡೂ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಸೇತುವೆ ದಾಟಿ ಹನ್ನೆರಡು ನಿಮಿಷದ ದಾರಿ. ದಿಮ್ಮಿಗಳು ಬಂದ ಮೇಲೆ ಹೊಳೆಯ ಕೆಳಗಡೆ ದೂರದಲ್ಲಿರುವ ಇನ್ನೊಂದು ಸೇತುವೆಯನ್ನು ಸುತ್ತಿ ಹೋಗಬೇಕು, ಹೋಗಲು ಮೂವತ್ತೆಂಟು ಕಿಲೋಮೀಟರ್, ಬರಲು ಮೂವತ್ತೆಂಟು. ನಿಮ್ಮ ಆದೇಶದಲ್ಲಿ ಇದಕ್ಕೆ ‘ಸಾರ್ವಜನಿಕರು ಬದಲಿ ಮಾರ್ಗ ಬಳಸಿ ಸಹಕರಿಸಬೇಕು’ ಎಂಬ ಒಂದು ಸಾಲಿದೆ. ಸಹಕರಿಸಿದೆವು. ಮೂರನೇ ವಾರ ಆ ಬದಲಿ ಮಾರ್ಗದಲ್ಲಿ ಮರದ ಲಾರಿಯೊಂದು ಮಗುಚಿ, ನನ್ನ ವ್ಯಾನಿನಲ್ಲಿ ನಾಲ್ಕು ತಾಸು ಸಿಕ್ಕಿಕೊಂಡೆವು. ಭಾವನ ಕಾಲು ಬಾತು ಚಪ್ಪಲಿ ಹಿಡಿಸಲಿಲ್ಲ. ಉಸಿರು ಮೇಲೆ ಮೇಲೆ ಬರುತ್ತಿತ್ತು. ಅಕ್ಕ ಕಿಟಕಿಗೆ ತಲೆಯಾನಿಸಿ ಅವರ ಬೆನ್ನು ನೀವುತ್ತ ಕೂತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಅಕ್ಕನನ್ನೇ ಬೈದರು, ಇಷ್ಟು ತಡ ಮಾಡಿದರೆ ಮುಂದಿನ ಸಲ ನನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದು. ನಾನು ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ. ಆ ಬೈಗುಳದ ನಿಜವಾದ ವಾರಸುದಾರ ಹಿಂದೆಯೇ ನಿಂತಿದ್ದಾನೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ದಿಮ್ಮಿಗಳ ನಡುವೆ ನಡೆದು ಹೋಗುವವರಿಗೆಂದು ನೀವು ಸಂದಿ ಬಿಟ್ಟಿದ್ದೀರಿ. ಮರುದಿನ ಹೋಗಿ ಅಳೆದೆ: ಎರಡು ಅಡಿ ಏಳು ಅಂಗುಲ. ಭಾವನಿಗೆ ಅಷ್ಟು ಉದ್ದದ ಸೇತುವೆ ನಡೆಯಲು ಆಗದು. ಎರಡು ದಿನದಲ್ಲಿ ಹಲಸಿನ ಮರದ ಒಂದು ಗಾಲಿಕುರ್ಚಿ ಮಾಡಿದೆ, ಅಗಲ ಎರಡು ಅಡಿ ಐದು ಅಂಗುಲ. ಅಕ್ಕ ಹೊಲಿಗೆಯವಳು, ಹಳೇ ಪರದೆಯ ಬಟ್ಟೆಯಲ್ಲಿ ಮೆತ್ತೆ ಹೊಲಿದು, ಸೊಂಟಕ್ಕೆ ಪಟ್ಟಿ ಕೂಡಿಸಿದಳು. ಆಚೆ ದಡಕ್ಕೆ ಆಸ್ಪತ್ರೆಯ ವಾಹನ ಬರುವುದೆಂದು ಮಾತಾಯಿತು. ಎಲ್ಲ ಸರಿ ಹೋಯಿತು ಎನ್ನುವಾಗ ನಿಮ್ಮ ಕಾವಲುಗಾರ ಅಡ್ಡ ಬಂದ. ಒಳ್ಳೆಯ ಮನುಷ್ಯ, ಆದರೆ ಓದು ಬಲ್ಲವನು. ಫಲಕವನ್ನು ಬೆರಳಿನಿಂದ ತೋರಿಸಿದ.

“ವಾಹನಗಳಿಗೆ ಪ್ರವೇಶ ಇಲ್ಲ ಅಂತ ಬರ್ದಿದೆ.”

“ಇದು ಕುರ್ಚಿ,” ಎಂದೆ.

“ಚಕ್ರ ಇದ್ಮೇಲೆ ವಾಹನಾನೇ.”

ನಾನು ವಾದಕ್ಕಿಳಿಯುವಷ್ಟರಲ್ಲಿ ಭಾವ ಕೈಯೆತ್ತಿದರು. “ವಾಹನ ಅಂತಾನೇ ಇಟ್ಕೊಳಪ್ಪ. ಹಾಗಿದ್ರೆ ನಾನು ಕಂಡಕ್ಟರ್. ನನ್ನ ಬಸ್ಸನ್ನ ಈ ಸೇತುವೆ ಮೇಲೆ ಮೂವತ್ತೊಂದು ವರ್ಷದಲ್ಲಿ ಯಾರೂ ತಡೆದಿಲ್ಲ. ಸ್ವಲ್ಪ ಸರಿ,” ಎಂದರು. ಆಮೇಲೆ ನನ್ನ ಕಡೆ ತಿರುಗದೆಯೇ ಕುರ್ಚಿಯ ಕೈಯನ್ನು ಎರಡು ಸಲ ತಟ್ಟಿ, “ರೈಟ್,” ಎಂದರು. ಕಾವಲುಗಾರ ತಾನಾಗಿ ಸರಿದು ನಿಂತ. ಹದಿನೈದು ವರ್ಷ ಆ ಬಸ್ಸಿನಲ್ಲಿ ಓಡಾಡಿದವನಂತೆ. ಆ ದನಿಗೆ ಅವನ ಕಾಲು ಅವನನ್ನು ಕೇಳದೆಯೇ ನಡೆದಿತ್ತು. ಅಂದಿನಿಂದ ವಾರಕ್ಕೆ ಮೂರು ದಿನ ನಮ್ಮ ಬಸ್ಸು ಓಡುತ್ತಿದೆ.

ನಾಲ್ಕನೇ ವಾರದ ಬುಧವಾರ ದಡಕ್ಕೆ ಬಂದರೆ ದಿಮ್ಮಿಗಳೇ ಇಲ್ಲ. ಬುದ್ಧಿ ಬಂತೇನೋ ಎಂದು ನೋಡಿದರೆ, ಆಚೆಯಿಂದ ನಿಮ್ಮ ಅಗೆಯುವ ಯಂತ್ರ ಹೊರಟಿತ್ತು, ಈಚೆ ದಡದಲ್ಲಿ ಹೊಸ ಸೇತುವೆಗೆ ನೆಲ ತೆಗೆಯಲು. ಅದರ ಹೊಟ್ಟೆಯ ಮೇಲೆ ಇಪ್ಪತ್ತೆರಡು ಟನ್ ಎಂದು ಬರೆದಿತ್ತು. ಬದಲಿ ಮಾರ್ಗ ದೂರವೆಂದು ಗುತ್ತಿಗೆದಾರರಿಗೆ ನೀವೇ ಅನುಮತಿ ಕೊಟ್ಟಿದ್ದಿರಂತೆ. ಅತ್ಯಂತ ದುರ್ಬಲವಾದ, ಕಬ್ಬಿಣವೆಲ್ಲ ತುಕ್ಕು ಹಿಡಿದ, ಕಲ್ಲುಗಳು ತಾವಾಗಿ ಉದುರುವ ಆ ಸೇತುವೆಯ ಮೇಲೆ ಅದು ಸರಪಳಿ ಎಳೆಯುತ್ತ ಬಂತು. ಕಮಾನಿನಿಂದ ಒಂದು ಪಾರಿವಾಳ ಹೊರಗೆ ಬಂದು ನೋಡಿ ಮತ್ತೆ ಒಳಗೆ ಹೋಯಿತು. ಅಷ್ಟೇ. ಯಂತ್ರದವನು ಇಳಿದ ಮೇಲೆ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹೊಸ ಸೇತುವೆಗಳ ಮೇಲೆ ಹೋಗುವಾಗ ಸ್ವಲ್ಪ ನೋಡಿಕೊಂಡು ಹೋಗುತ್ತೇನೆ ಎಂದ. ಯಂತ್ರ ದಾಟಿದ ಕೂಡಲೇ ದಿಮ್ಮಿಗಳನ್ನು ಇಟ್ಟರು. ಗುತ್ತಿಗೆದಾರರ ಮೇಸ್ತ್ರಿ ನಮ್ಮ ಕುರ್ಚಿಯನ್ನು ನೋಡಿ, ಸೇತುವೆಗೆ ಭಾರ ಆಗುತ್ತದೆ, ಸಾಧ್ಯವಾದರೆ ಆ ಮನುಷ್ಯ ಇಳಿದು ನಡೆಯಲಿ ಎಂದ. ನನ್ನ ಭಾವ ನಲವತ್ತೆಂಟು ಕಿಲೋ ಇದ್ದಾರೆ, ಸಾಹೇಬರೇ.

ಆ ದಿನ ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕನ ಅಡುಗೆಮನೆಯಲ್ಲಿ ಕೂತು ಎಲ್ಲ ಹೇಳಿಬಿಟ್ಟೆ: ಬನ್ನು, ಬೀರು, ದವಡೆ ಹಲ್ಲಿನ ಹಾಳೆ, ಏಳು ಅರ್ಜಿ. ಅಕ್ಕ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಚಿ ಪಕ್ಕಕ್ಕಿಟ್ಟಳು. ನನಗೆ ಆರು ವರ್ಷವಿದ್ದಾಗ ಸುಳ್ಳು ಹೇಳಿದರೆ ಕಿವಿ ಹಿಂಡುತ್ತಿದ್ದವಳು. ಐವತ್ತನಾಲ್ಕರಲ್ಲೂ ಹಿಂಡುತ್ತಾಳೆಂದು ಕಾದೆ. ಹಿಂಡಲಿಲ್ಲ. ಅದೇ ಕಷ್ಟವಾಯಿತು.

“ನಾಲ್ಕು ತಾಸು ನಾನು ಆ ವ್ಯಾನಲ್ಲಿ ಇವರ ಉಸಿರು ಎಣಿಸ್ತಾ ಕೂತಿದ್ದೆ,” ಎಂದಳು. “ನೀನು ಮುಂದಿನ ಸೀಟಲ್ಲೇ ಇದ್ದೆ. ಆಗ್ಲಾದ್ರೂ ಹೇಳ್ಬೇಕು ಅನ್ನಿಸಲಿಲ್ವಾ?”

ಭಾವ ಒಳಗಿನ ಮಂಚದಿಂದ, ಬನ್ನು ಯಾವ ಬೇಕರಿಯದ್ದು ಎಂದು ಕೇಳಿದರು. ಅಕ್ಕ ನಗಬಾರದೆಂದು ತುಂಬ ಪ್ರಯತ್ನಪಟ್ಟಳು. ಆದರೂ ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ನಾಲ್ಕನೇ ದಿನ ನನ್ನ ಮಾಸಿದ ಅಂಗಿಗೆ ಇಸ್ತ್ರಿ ಹಾಕಿ ಕೈಗೆ ಕೊಟ್ಟು, ಕಚೇರಿಗೆ ಹೋಗಿ ಇದನ್ನೇ ಹೇಳಿ ಬಾ ಎಂದಳು.

ದಾರಿಯಲ್ಲಿ ಮೊದಲು ಡಾಕ್ಟರಮ್ಮನ ಬಳಿ ತಪ್ಪೊಪ್ಪಿಕೊಂಡೆ. ಅವರು, ಬಂದದ್ದಾಯಿತು, ಕೂತುಕೋ ಎಂದು ಒಂದು ಹುಳುಕು ಹಲ್ಲು ಕೊರೆದರು. ಆವತ್ತು ಮರಗಟ್ಟಿಸುವ ಮದ್ದು ಸ್ವಲ್ಪ ಕಡಿಮೆಯೇ ಹಾಕಿದರೆಂದು ನನ್ನ ಅನುಮಾನ. ಕೊನೆಯಲ್ಲಿ, ಬೇಕಾದರೆ ನಾನೂ ಸಾಕ್ಷಿ ಹೇಳುತ್ತೇನೆ ಎಂದರು.

ನಿಮ್ಮ ಕಚೇರಿಯಲ್ಲಿ ಅರ್ಜಿ ಕೊಡಲು ಕಿಟಕಿಯಿದೆ, ಹಿಂಪಡೆಯಲು ಇಲ್ಲ. ಅದಕ್ಕೆ ನಮೂನೆಯೇ ಇಲ್ಲವಂತೆ. ಮೂರು ಸಲ ವಾಪಸ್ ಕಳಿಸಿದರು. ಕಲ್ಲು ತಾನಾಗಿ ಬೀಳಲಿಲ್ಲ ಎನ್ನಲು ಏನು ಆಧಾರ ಎಂದು ಕೇಳಿದರು. ಬಿತ್ತು ಎಂದಾಗ ಯಾರೂ ಆಧಾರ ಕೇಳಿರಲಿಲ್ಲ, ಇರಲಿ. ನಾನು ಮತ್ತು ಕಲ್ಲು ಕೆಲಸದ ಗೆಳೆಯನೊಬ್ಬ ಹೊಳೆಗಿಳಿದು, ಎದೆಯಷ್ಟು ನೀರಿನಲ್ಲಿ ಕಾಲಿನಿಂದ ತಡಕಿ ಆ ಹಾಸುಗಲ್ಲನ್ನು ಹುಡುಕಿದೆವು. ಏಳು ವರ್ಷದ ಪಾಚಿ ಉಜ್ಜಿದರೆ ಮೂಲೆಯಲ್ಲಿ ನನ್ನ ವ್ಯಾನಿನ ನೀಲಿ ಬಣ್ಣ ಇನ್ನೂ ಇತ್ತು. ಭಾವನ ಕುರ್ಚಿಯಲ್ಲಿಯೇ ಅದನ್ನು ಕೂರಿಸಿ, ಸೊಂಟದ ಪಟ್ಟಿ ಕಟ್ಟಿ, ನಾಲ್ಕನೇ ಸಲ ನಿಮ್ಮ ಕಚೇರಿಗೆ ತಂದೆ. ಟಪಾಲು ತೆಗೆದುಕೊಳ್ಳುವ ಗುಮಾಸ್ತೆ ಕನ್ನಡಕ ಏರಿಸಿ ನೋಡಿದರು.

“ಇದೇನಿದು?”

“ಅರ್ಜಿಯ ಜೊತೆಗಿನ ಅಡಕ, ಮೇಡಂ.”

“ಅಡಕ ಮೂರು ಪ್ರತಿ ಬೇಕು.”

ಹೇಳುವಾಗ ಅವರ ಮುಖ ಒಂದಿಷ್ಟೂ ಕದಲಲಿಲ್ಲ. ಆಮೇಲೆ ಸುತ್ತ ನೋಡಿ, ಮುದ್ರೆಗೆ ಶಾಯಿ ಒತ್ತಿ, ಕಲ್ಲಿನ ನೆತ್ತಿಗೆ ‘ಸ್ವೀಕರಿಸಲಾಗಿದೆ’ ಎಂದು ಹೊಡೆದು ದಿನಾಂಕ ಬರೆದರು. ಮೂವತ್ತೆರಡು ವರ್ಷದ ಸೇವೆಯಲ್ಲಿ ಕೈಗೆ ಬಂದ ಗಟ್ಟಿ ದಾಖಲೆ ಇದೊಂದೇ ಎಂದು ಮೆಲ್ಲಗೆ ಹೇಳಿದರು.

ಅಲ್ಲಿಂದ ನಿಮ್ಮ ಮೇಲ್ವಿಚಾರಕರ ಕೋಣೆಗೆ ಕಳಿಸಿದರು. ಅವರು ಬಾಗಿಲು ಮುಂದಕ್ಕೆಳೆದು, ನನ್ನನ್ನು ತಮ್ಮನಂತೆ ಕೂರಿಸಿಕೊಂಡು ವಿವರಿಸಿದರು. ಇಲಾಖೆಯಲ್ಲಿ ಹಳೇ ಸೇತುವೆ ದುರಸ್ತಿಗೆ ಅನುದಾನವಿಲ್ಲ, ಹೊಸದಕ್ಕಿದೆ. ಹಳೆಯದು ದುರ್ಬಲವೆಂದು ಸಾಬೀತಾದರೆ ಮಾತ್ರ ಹೊಸದು ಸಿಗುತ್ತದೆ. ಹಾಗಾಗಿ ಅದು ದುರ್ಬಲ. ಇದರಲ್ಲಿ ಯಾರ ಕೆಟ್ಟ ಉದ್ದೇಶವೂ ಇಲ್ಲ, ಊರಿಗೆ ಅಗಲವಾದ ಸೇತುವೆ ಬರಲಿ ಎಂದೇ. ಹಾಗಾದರೆ ಅದರ ಪಕ್ಕದಲ್ಲೇ ಹೊಸದನ್ನು ಕಟ್ಟಿ, ಇದನ್ನು ಇದರ ಪಾಡಿಗೆ ಬಿಡಬಹುದಲ್ಲ ಎಂದೆ. ಗಟ್ಟಿಯಿರುವ ಸೇತುವೆಯ ಪಕ್ಕ ಇನ್ನೊಂದು ಕಟ್ಟಿದರೆ ಲೆಕ್ಕ ತಪಾಸಣೆಯವರು ಬಿಡುವುದಿಲ್ಲವಂತೆ.

ಸಾಹೇಬರೇ, ಹಳೆಯದೆಲ್ಲ ಬಂಗಾರ ಎನ್ನುವವನಲ್ಲ ನಾನು. ವಾರಕ್ಕೊಂದು ಹಳೇ ಮಂಚ ಒಡೆಯುವುದು ನನ್ನ ಕಸುಬು. ಆದರೆ ಒಡೆಯುವ ಮೊದಲು ಉಳಿಯ ತುದಿಯಿಂದ ಚುಚ್ಚಿ ನೋಡುತ್ತೇನೆ. ಹುಳು ತಿಂದಿದ್ದರೆ ಸೌದೆ. ತಿಂದಿಲ್ಲದಿದ್ದರೆ, ಅಂಥ ಒಣಗಿದ ಮರ ಇನ್ನು ನನ್ನ ಆಯುಷ್ಯದಲ್ಲಿ ಸಿಗದು ಎಂದು ಗಿರಾಕಿಗೆ ಹೇಳುತ್ತೇನೆ. ಹೊಸದು ಮಾಡಿದರೆ ನನಗೇ ಲಾಭವಿದ್ದರೂ ಹೇಳುತ್ತೇನೆ. ಸೇತುವೆ ಕಿರಿದು, ನಿಜ. ಎದುರಿಗೆ ವಾಹನ ಬಂದರೆ ಒಬ್ಬರು ಹಿಂದೆ ಹೋಗಲೇಬೇಕು. ಹಾಗೆ ಹಿಂದೆ ಹೋಗಲು ಒಪ್ಪದೆ ಜಗಳವಾಡಿ, ಕೊನೆಗೆ ಬೀಗರಾದವರೂ ನಮ್ಮಲ್ಲಿದ್ದಾರೆ. ಲಾರಿಗಳಿಗೆ ಹೊಸ ಸೇತುವೆ ಬೇಕು ಎಂಬುದನ್ನೂ ಒಪ್ಪುತ್ತೇನೆ. ನನ್ನ ಬೀರುಗಳೂ ಸುಖವಾಗಿ ಹೋಗುತ್ತವೆ. ಆದರೆ ನೀವು ದಡದಲ್ಲಿ ನಿಲ್ಲಿಸಿದ ಬಣ್ಣದ ಫಲಕದಲ್ಲಿ ಹೊಸ ಸೇತುವೆಯ ಆಯಸ್ಸು ಐವತ್ತು ವರ್ಷ, ಕಟ್ಟುವ ಅವಧಿ ಎರಡು ವರ್ಷ ಎಂದಿದೆ. ಆ ಎರಡು ವರ್ಷ ನನ್ನ ಭಾವ ಎಲ್ಲಿಂದ ದಾಟಬೇಕು? ವಾರಕ್ಕೆ ಮೂರರಂತೆ ಮುನ್ನೂರು ಸಲಕ್ಕೂ ಮೇಲೆ. ಫಲಕದಲ್ಲಿ ಆ ಲೆಕ್ಕಕ್ಕೆ ಜಾಗ ಬಿಟ್ಟಿಲ್ಲ.

ಏಳುವ ಮೊದಲು ನಿಮ್ಮ ಮೇಲ್ವಿಚಾರಕರನ್ನು ಒಂದೇ ಮಾತು ಕೇಳಿದೆ. ಸರ್ಕಾರಕ್ಕೆ ಏಳು ಸಲ ಸುಳ್ಳು ಬರೆದುಕೊಟ್ಟಿದ್ದೇನೆ, ನನ್ನ ಮೇಲೆ ಯಾಕೆ ಕ್ರಮವಿಲ್ಲ ಎಂದು. ಅವರು ನಿಜಕ್ಕೂ ಗಾಬರಿಯಾದರು.

“ಅಯ್ಯೋ, ಅದೆಲ್ಲ ಬೇಡ ಮಾರಾಯ್ರೆ. ಆರಾಮಾಗಿ ಮನೆಗೆ ಹೋಗಿ. ನಾವೇನೂ ಮಾಡಲ್ಲ ನಿಮಗೆ.”

ಅವರ ಈ ಕರುಣೆಯ ಅರ್ಥ ಮನೆಗೆ ಬರುವಷ್ಟರಲ್ಲಿ ಹೊಳೆಯಿತು: ನನ್ನ ಸುಳ್ಳು ಬಿದ್ದರೆ ನಿಮ್ಮ ಆದೇಶವೂ ಬೀಳುತ್ತದೆ. ಆದ್ದರಿಂದ ನನ್ನ ಬೇಡಿಕೆ ಇದು. ದಿಮ್ಮಿ ತೆಗೆಯಿರಿ, ಗಿಡ ಕೀಳಿಸಿ, ಸಂದಿಗೆ ಗಾರೆ ತುಂಬಿಸಿ, ಆ ಕಿರಿಯ ಎಂಜಿನಿಯರ್ ಬರೆದ ವರದಿಯನ್ನು ಹೊರತೆಗೆಯಿರಿ ಎಂದೆಲ್ಲ ಕೇಳಿದರೆ ನೀವು ನಿಯಮ ಹೇಳುತ್ತೀರಿ. ಅದಕ್ಕೇ ನಿಯಮದ ಪ್ರಕಾರವೇ ಕೇಳುತ್ತೇನೆ: ದಯವಿಟ್ಟು ನನ್ನ ಮೇಲೆ ಮೊಕದ್ದಮೆ ಹೂಡಿ. ಸಾರ್ವಜನಿಕ ಸೇತುವೆಯ ಬಗ್ಗೆ ಸುಳ್ಳು ದೂರು ಕೊಟ್ಟಿದ್ದಕ್ಕೆ, ಒಡೆಯುವ ದಿನ ಬರುವ ಮೊದಲು. ನಾನು ವಕೀಲರನ್ನು ಇಡುವುದಿಲ್ಲ, ಒಂದು ಮಾತೂ ವಾದಿಸುವುದಿಲ್ಲ, ತಪ್ಪೊಪ್ಪಿಕೊಳ್ಳುತ್ತೇನೆ. ಈ ಮನುಷ್ಯ ಹೇಳಿದ್ದು ಸುಳ್ಳು, ಸೇತುವೆಗೆ ಏನೂ ಆಗಿಲ್ಲ ಎಂದು ನ್ಯಾಯಾಧೀಶರು ತೀರ್ಪು ಬರೆಯಲಿ. ಶಿಕ್ಷೆ ಎಷ್ಟಾದರೂ ಕೊಡಲಿ, ಅನುಭವಿಸುತ್ತೇನೆ. ಆ ತೀರ್ಪಿನ ನಕಲನ್ನು ಮಾತ್ರ ನನಗೆ ಕೊಡಿಸಿ. ಬೇಕಾದರೆ ಮೂರು ಪ್ರತಿ.

ಇಂತಿ,
ಶಿಕ್ಷೆಯ ದಾರಿ ಕಾಯುತ್ತಿರುವ,
ನಿಮ್ಮ ಕಡತದ ಏಕೈಕ ‘ಸ್ಥಳೀಯ ನಿವಾಸಿ’
(ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಸಮನ್ಸ್ ತರುವವರು ಮನೆಗೆ ಬರುವುದು ಬೇಡ, ಕುರ್ಚಿ ತಳ್ಳುತ್ತ ಸೇತುವೆಯ ಮೇಲಿರುತ್ತೇನೆ)